ಗುಬ್ಬಿಯ ಮೂರನೇ ಕಾಲು

ರೀ,

ನೀವು ಏಳೋಷ್ಟರಲ್ಲಿ ನಾನು ವಕೀಲರ ಆಫೀಸಿಗೆ ಹೊರಟಿರ್ತೀನಿ. ಹಾಲು ಕಾಯಿಸಿಟ್ಟಿದ್ದೀನಿ. ಒಣಗೋಕಿಟ್ಟ ಸೋಪುಗಳನ್ನ ಮಗುಚಿ ಹಾಕಿ, ಮರೀಬೇಡಿ.

ಟ್ರೇಡ್‌ಮಾರ್ಕ್ ಅರ್ಜಿಗೆ ನೀವು ಕೊಟ್ಟ ಚಿತ್ರ ನಿನ್ನೆ ನೋಡಿದೆ. ನಮ್ಮ ಮಗಳು ಬಿಡಿಸಿದ ಗುಬ್ಬಿಯ ಮೂರನೇ ಕಾಲನ್ನ ಯಾರ ಕೈಲೋ ಅಳಿಸಿ ಹಾಕಿಸಿದ್ದೀರಿ. ಜನ ನಗ್ತಾರೆ ಅಂತಾನಾ? ನಗಲಿ! ಇಷ್ಟು ವರ್ಷ ಆ ಗುಬ್ಬಿ ನೋಡಿ ತಾನೇ ನಮ್ಮ ಸೋಪು ಕೊಂಡಿದ್ದು?

ವಕೀಲರಿಗೆ ಫೋನ್ ಮಾಡಿದ್ದೆ. ಯಾವ ಚಿತ್ರ ನೋಂದಣಿ ಆಗುತ್ತೋ ಅದಕ್ಕೇ ರಕ್ಷಣೆಯಂತೆ. ಅರ್ಜಿ ಸಲ್ಲಿಸಿದ ಮೇಲೆ ಚಿತ್ರ ಬದಲಿಸೋಕೆ ಬಿಡಲ್ವಂತೆ. ಅವರು ಸಲ್ಲಿಸೋ ಮೊದಲೇ ಅವಳು ಕೈಯಾರೆ ಬರೆದ ಹಾಳೆ ತಗೊಂಡು ಓಡ್ತಿದ್ದೀನಿ. ಗೋಡೆ ಮೇಲಿನ ಚೌಕಟ್ಟು ಖಾಲಿ ಇದೆ ಅಂತ ಗಾಬರಿಯಾಗ್ಬೇಡಿ. ಅವಳು ತೀರಿಕೊಂಡ ಮೇಲೆ ನೀವು ಆ ಕಡೆ ತಲೆ ಎತ್ತಿಲ್ಲ, ನನಗೆ ಗೊತ್ತು. ಅದಕ್ಕೇ ಜಗಳ ಆಡ್ಲಿಲ್ಲ.

ಆದರೆ ಮಗು ತಪ್ಪು ಬರೆದಿದೆ ಅಂದ್ಕೊಂಡ್ರಲ್ಲ! ಆ ಗುಬ್ಬಿಗಿದ್ದದ್ದು ಎರಡೇ ಕಾಲು ಕಣ್ರೀ. ನೀವು ಅಳಿಸಿದ್ದು ನಮ್ಮ ಮಗಳ ಕಂಕುಳಿನ ಊರುಗೋಲು.