ಸೋದರಮಾವನ ತೊಡೆ

ಚಾಮರಾಜಪೇಟೆ
೧೦-೧೧-೨೦೨೪

ಪ್ರೀತಿಯ ತಂಗಿ ಹೇಮಶ್ರೀಗೆ,

ಅಣ್ಣ ಮನೋಹರನ ಆಶೀರ್ವಾದ. ಊರವರ ಮದುವೆ ಕಾರ್ಡೆಲ್ಲ ಅಚ್ಚು ಹಾಕಿಸುವವನು ತಂಗಿಗೆ ನಾಲ್ಕು ಸಾಲು ಬರೆಯಲು ಇಷ್ಟು ತಡಮಾಡಿದೆ, ಬೈದುಕೋ. ನನ್ನ ಸೊಂಟದ ಆಪರೇಷನ್ ಆಗಿ ಎರಡು ತಿಂಗಳಾಯಿತು. ಮೊದಲೇ ತಿಳಿಸಿದ್ದರೆ ಕೈಗೂಸನ್ನು ಎತ್ತಿಕೊಂಡು ತುಮಕೂರಿನಿಂದ ಓಡಿ ಬರುತ್ತಿದ್ದೆ ನೀನು.

ಇವತ್ತು ಗಾಂಧಿ ಬಜಾರಿನಲ್ಲಿ ನಡೆದಾಡಿ ಬಂದೆ! ಕೋಲಿಲ್ಲ, ಕುಂಟಿಲ್ಲ. ನಿನ್ನ ಅತ್ತಿಗೆ ಯಶಶ್ರೀಗೆ ಒಂದು ಮಾರು ಸೇವಂತಿಗೆ ತಂದರೆ, "ಆಪರೇಷನ್ ಆಗಿದ್ದು ಸೊಂಟಕ್ಕೋ ತಲೆಗೋ?" ಎಂದು ನಕ್ಕಳು. ನಿನ್ನ ಚಿಕ್ಕ ಮಗಳು ಆರಾಧನಾಳ ಕಿವಿ ಚುಚ್ಚುವ ದಿನಕ್ಕೆ ಬರುತ್ತೇನೋ ಇಲ್ಲವೋ ಎಂಬ ಚಿಂತೆ ಬಿಟ್ಟಿತು.

ನೋವು ಮಂಡಿಯದೆಂದೇ ನಂಬಿದ್ದೆ. ಸುಲ್ತಾನ್‌ಪೇಟೆಯ ಅಂಗಡಿಯಲ್ಲಿ ದಿನವಿಡೀ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವನಿಗೆ ಮಂಡಿನೋವು ಇದ್ದದ್ದೇ ಎಂದು ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ತೊಡೆಸಂದಿನಲ್ಲಿ ಹಿಡಿದುಕೊಂಡರೂ ಮಂಡಿಗೇ ಎಣ್ಣೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಕೊನೆಗೆ ತೋರಿಸಲು ಹೋದಾಗ ಡಾಕ್ಟರು, "ಕಾಲುಗುರು ನೀವೇ ತೆಕ್ಕೊತೀರಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಶಶ್ರೀ, "ಎಲ್ಲಿಂದ ಸಾರ್! ಉಗುರು ನಾನೇ ತೆಗೀತೀನಿ, ಸಾಕ್ಸೂ ನಾನೇ ಹಾಕ್ತೀನಿ. ಸ್ಕೂಟರ್ ಹತ್ತೋಕೂ ಆಗಲ್ಲ ಇವ್ರಿಗೆ," ಎಂದಳು. ಎಕ್ಸ್‌ರೇ ತೆಗೆಸಿದರೆ ಸವೆದಿದ್ದು ಸೊಂಟದ ಕೀಲು; ಅದರ ನೋವೇ ಮಂಡಿಗೂ ಇಳಿಯುತ್ತಿತ್ತಂತೆ. ಮಾತ್ರೆ ಕೊಟ್ಟು, ವ್ಯಾಯಾಮ ಮಾಡಿಸಿ ಕೆಲವು ತಿಂಗಳು ನೋಡಿದರು. ಕುಂಟು ಹೋಗಲಿಲ್ಲ, ಮಗ್ಗುಲಾದರೆ ನಿದ್ದೆಯಿಲ್ಲ. "ಇಷ್ಟಾದ್ಮೇಲೆ ಕೀಲು ಬದಲಾಯಿಸೋದೇ ಸರಿ," ಎಂದರು. ಹೆದರಿದ್ದೆ ಕಣೇ. ಈಗ ಅಂಗಡಿಯಲ್ಲಿ ಗಾದಿ ಹೋಗಿ ಕುರ್ಚಿ ಬಂದಿದೆ. ನೆಲದ ಮೇಲೆ ಕೂರಬಾರದಂತೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನೂರು ಕಾಲ ನಗುನಗುತ್ತಾ ಬಾಳಿ.

ನಿನ್ನ ಅಣ್ಣ,
ಮನೋಹರ್

ಹೇಳಲು ಮರೆತೆ: ದೊಡ್ಡವಳು ಶರಣ್ಯಳ ಕಿವಿ ಚುಚ್ಚುವಾಗ ಸೋದರಮಾವ ನಾನಿದ್ದೂ ಚಿಕ್ಕಪ್ಪನ ಮಗ ರುದ್ರೇಶನ ತೊಡೆಯ ಮೇಲೆ ಕೂರಿಸಿದಿರಿ. "ಅಣ್ಣಂಗೆ ನನ್ನ ಮಗು ಬೇಡವಾಯ್ತು" ಎಂದು ನೀನು ಅಡುಗೆಮನೆಯಲ್ಲಿ ಅತ್ತಿದ್ದು ನನಗೆ ಕೇಳಿಸಿತ್ತು. ಚಾಪೆಯ ಮೇಲೆ ಕೂರಲಾಗುವುದಿಲ್ಲವೆಂದು ನಾಲ್ಕು ಜನರ ಮುಂದೆ ಹೇಳಲು ನಾಚಿಕೆಯಾಗಿ ಗೋಡೆಗೆ ಒರಗಿ ನಿಂತಿದ್ದೆ. ಸೂಜಿ ಚುಚ್ಚಿದಾಗ ಮಗು ಅಳುತ್ತಾ ಕೈ ಚಾಚಿದ್ದು ನನ್ನ ಕಡೆಗೆ. ಆ ನೋವಿಗೆ ಎಣ್ಣೆ ಎಲ್ಲಿ ಹಚ್ಚಲಿ ಹೇಮಾ? ಈ ಸಲ ಚಾಪೆ ಬೇಡ, ಒಂದು ಕುರ್ಚಿ ಹಾಕಿಸು. ತೊಡೆ ನನ್ನದೇ.