ಕುಟುಂಬಕ್ಕೆ ಯೋಗ್ಯ

ನವೆಂಬರ್ 24, ಸೋಮವಾರ

ಬೆಳಿಗ್ಗೆಯಿಂದ ಆ್ಯಪಿನ ಫಿಲ್ಟರ್ ಕೆಲಸ. ನೀರು, ಶೌಚಾಲಯ, ಬೆಳಕು, ನೆಟ್‌ವರ್ಕ್. ನಾಲ್ಕೂ ಇದ್ದರೆ ಜಾಗದ ಹೆಸರಿನ ಪಕ್ಕ ಹಸಿರು ಗುರುತು — ‘ಕುಟುಂಬಕ್ಕೆ ಯೋಗ್ಯ’. ಹಾವಿನದ್ದೂ ಒಂದು ಹಾಕಿದ್ದೆ. ನಮ್ಮಲ್ಲಿ ಹಾವಿದೆ ಅಂತ ಯಾವ ಹೊಲದವನು ಒಪ್ಪುತ್ತಾನೆ? ತೆಗೆದೆ.

ಯಶವಂತ ಸರ್‌ಗೆ ‘ಪೆಟ್ ಫ್ರೆಂಡ್ಲಿ’ ಬೇಕಂತೆ. ಕಲಬುರಗಿಯಲ್ಲಿ ನಾಯಿ ಕರೆದುಕೊಂಡು ಟೆಂಟಿಗೆ ಹೋಗುವವರು ಅವರೊಬ್ಬರೇ. ಆಫೀಸು ಅವರದು, ಹಾಕಿದೆ.

ಆದರೆ ಆ್ಯಪಿನ ಐಡಿಯಾ ಒಳ್ಳೆಯದು, ಒಪ್ಪಬೇಕು. ಎಳ್ಳ ಅಮವಾಸ್ಯೆಗೆ ಊರಿಗೆ ಊರೇ ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಹೊಲ ಇಲ್ಲದವರು ಮಾಳಿಗೆ ಮೇಲೆ ಕೂತು ಉಣ್ಣುತ್ತಾರೆ, ನಮ್ಮ ಹಾಗೆ. ಅಂಥವರಿಗೆ ಯಾರದೋ ಹೊಲದಲ್ಲಿ ಊಟ, ಒಂದು ರಾತ್ರಿ ಟೆಂಟು. ಹೆಸರು ‘ಡೇರೆ’.

ಸಂಜೆ ಅವ್ವನಿಗೆ ಹೇಳಿದೆ. ನಕ್ಕಳು. “ಸುಗ್ಗಿಯಾಗ ತಿಂಗಳಗಟ್ಲೆ ಹೊಲದಾಗೇ ಮಲಗೀವಿ. ಚೇಳು ಕಡದದ. ಅದಕ್ಕ ಈಗ ರೊಕ್ಕ ಕೊಡಬೇಕಾ?”

ಸ್ವಲ್ಪ ಹೊತ್ತಾದ ಮೇಲೆ ತಾನೇ ಕೇಳಿದಳು. “ಅಲ್ಲಿ ಎಲ್ಲಾರ ಸಾಲಿನಾಗ ಕುಂದ್ರಸ್ತಾರೇನ?”

ಅವ್ವ ಕೂಲಿ ಮಾಡುತ್ತಿದ್ದ ಕಾಲದಲ್ಲಿ ಹಬ್ಬದ ಊಟ ಕೂಲಿಯವರಿಗೂ ಸಿಗುತ್ತಿತ್ತು — ಹೊಲದ ಒಡ್ಡಿನ ಆಚೆ, ಬೇರೆ. ಕುಂದ್ರಸ್ತಾರ ಅಂದೆ. ಏನು ಧೈರ್ಯವೋ ನನಗೆ.

ನವೆಂಬರ್ 30, ಭಾನುವಾರ

ಕಮಲಾಪುರ. ಮಹಾದೇವ ಅನ್ನುವವರ ಹೊಲ ನೋಡಿಬಂದೆ. ಕೆಂಪು ಬಾಳೆ ತೋಟ, ಬಾವಿ, ಹೊಸ ಶೌಚಾಲಯ, ಐದು ಟೆಂಟು ಹಾಕುವಷ್ಟು ಜಾಗ. ನನ್ನ ವಯಸ್ಸಿನವರು, ಎರಡು ಮಾತಿಗೊಂದು ನಗೆ. ತಾಯಿ ವಿಮಲಾಬಾಯಿ ಚಹಾ ಕೊಟ್ಟರು, ಚೀಲದ ತುಂಬ ಬಾಳೆಹಣ್ಣು ತುಂಬಿದರು. ನಾನು ಯಾರು ಅಂತ ಕೇಳಲಿಲ್ಲ. ಕೊರಳಲ್ಲಿ ಆಫೀಸಿನ ಕಾರ್ಡ್ ಇತ್ತು, ಅದೇ ಸಾಕಾಯಿತೇನೋ.

ಹೊರಡುವಾಗ ಮಹಾದೇವ ಅಂದರು, “ಮೇಡಂ, ಬುಕ್ಕಿಂಗ್ ಪಕ್ಕಾ ಆಗೂಕಿಂತ ಮೊದಲ ಒಮ್ಮಿ ಫೋನಿನಾಗ ಮಾತಾಡಬೇಕ್ರಿ. ಹೆಣ್ಣಮಕ್ಕಳು ಇರೋ ಜಾಗಾ. ಕುಡದು ಬರವ್ರು ಯಾರು, ಸಂಸಾರ ಕಟಗೊಂಡು ಬರವ್ರು ಯಾರು, ಧ್ವನಿ ಕೇಳಿದ್ರ ತಿಳೀತದ.”

ಸರಿ ಅನ್ನಿಸಿತು. ನಮ್ಮ ಕಡೆ ಮಾತಾಡದೆ ಯಾವ ವ್ಯವಹಾರ ಆಗುತ್ತದೆ? ಬಸ್ಸಿನಲ್ಲೇ ಬಟನ್ ಬಿಡಿಸಿದೆ — ‘ಮಾತಾಡಿ ನೋಡಿ’.

ಡಿಸೆಂಬರ್ 4, ಗುರುವಾರ

ಬಟನ್ ಹಾಕಿದ್ದೇ ತಡ, ಹಿಂದೆಮುಂದೆ ನೋಡುತ್ತಿದ್ದ ಹೊಲದವರೆಲ್ಲ ಸೇರಿಕೊಂಡರು. “ಸುಮಂಗಲಾ, ಇದು ಈಗ ಖರೇ ನಮ್ಮ ಕಡಿ ಆ್ಯಪ್ ಆಯ್ತು ನೋಡ್ರಿ” ಅಂದರು ಸರ್. ನಾನೂ ಉಬ್ಬಿದೆ.

ಮಹಾದೇವರ ಹೊಲದಲ್ಲೇ ನಮಗೂ ಒಂದು ಟೆಂಟ್ ಬುಕ್ ಮಾಡಿದೆ. ಅವ್ವ, ನಾನು, ಗಂಡ ವಿಶ್ವಾಸ, ಮಗಳು ಪ್ರೀತಿ. ಹೆಸರು ಹಣಮಮ್ಮ, ನಂಬರೂ ಅವ್ವನದೇ. ಹಬ್ಬ ಅವಳದಾಗಲಿ.

ನನ್ನ ಗಂಡ ಒಂದು ಕೊಂಕು ತೆಗೆಯದೆ ಬಿಟ್ಟಾನೆಯೇ? “ನಾವು ಬೌದ್ಧರು. ನಮಗ್ಯಾಕ ಈ ಹಬ್ಬ?”

ಅವ್ವ: “ಬುದ್ಧ ಭಜ್ಜಿ ತಿನಬ್ಯಾಡ ಅಂದಾನೇನಪಾ?”

ಡಿಸೆಂಬರ್ 11, ಗುರುವಾರ

‘ಟೆಂಟ್ ಭರ್ತಿಯಾಗಿದೆ. ನಿಮ್ಮ ಬುಕ್ಕಿಂಗ್ ರದ್ದಾಗಿದೆ.’

ಆ ವಾಕ್ಯ ಬರೆದವಳೂ ನಾನೇ. ಆಫೀಸಿನ ಸಿಸ್ಟಮ್‌ನಲ್ಲಿ ನೋಡಿದೆ. ಮಹಾದೇವರ ಮೂರು ಟೆಂಟ್ ಖಾಲಿ ಇವೆ.

ಮನೆಗೆ ಬಂದು ಕೇಳಿದೆ. ಅವ್ವ ಮೆಂತ್ಯ ಸೋಸುತ್ತಿದ್ದಳು.

“ಫೋನ್ ಬಂದಿತ್ತು. ಯಾವ ಓಣಿ ಅಂದ. ಹೇಳಿದೆ. ಯಾರ ಪೈಕಿ ಅಂದ. ಹೇಳಿದೆ.”

“ಏನಂದ?”

“ಹಾಂ ಹಾಂ ಅಂದ. ಇಟ್ಟ.” ಮತ್ತೆ ಸೊಪ್ಪಿನ ಕಡೆ ತಿರುಗಿದಳು. “ಸುಳ್ಳ ಹೇಳಬೇಕಿತ್ತಾ?”

ಮೈ ಉರಿಯಿತು. ಮಹಾದೇವನ ಮೇಲೆ, ಅದಕ್ಕಿಂತ ಹೆಚ್ಚು ನನ್ನ ಮೇಲೆ. ಒಡ್ಡು ಹಾಕಿಕೊಟ್ಟವಳು ನಾನು. ಹಸಿರು ಬಟನ್, ದುಂಡು ಮೂಲೆ, ಚಂದದ ಅಕ್ಷರ...

ಡಿಸೆಂಬರ್ 12

ಸರ್‌ಗೆ ಹೇಳಿದೆ, ಆ ಬಟನ್ ತೆಗೆಯಬೇಕು ಅಂದೆ. ಮುಖ ಸಣ್ಣ ಮಾಡಿದರು. “ತಪ್ಪದ, ಇಲ್ಲ ಅನ್ನಂಗಿಲ್ಲ. ಆದ್ರ ಹಬ್ಬ ಮುಗೀಲಿ. ಈಗ ತಗದ್ರ ಹೊಲದವ್ರು ಎಲ್ಲಾ ಎದ್ದು ಹೋಗ್ತಾರ.”

“ಹಂಗಾದ್ರ ಹಸಿರು ಗುರುತಿನ ಕೆಳಗ ‘ಯಾವ ಕುಟುಂಬಕ್ಕ’ ಅಂತನೂ ಬರೀತೀನ್ರಿ. ಬರೀಲಾ? ನಿಮ್ಮ ನಾಯಿಗೆ ಟಿಕ್ ಹಾಕೀನಿ. ನಮ್ಮ ಅವ್ವಗ ಜಾಗಾ ಇಲ್ಲ.”

ಧ್ವನಿ ಏರಿತ್ತು. ಆಫೀಸಿನಲ್ಲಿ ಎಲ್ಲ ತಿರುಗಿ ನೋಡಿದರು, ನೋಡಲಿ. ಸರ್ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ “ತಗೀರಿ” ಅಂದರು. ಮುಂದಿದ್ದ ಚಹಾ ಕುಡಿಯಲಿಲ್ಲ.

ಡಿಸೆಂಬರ್ 16, ಮಂಗಳವಾರ

ಹೊಸದು ಬಿಟ್ಟೆವು. ಈಗ ಹೊಲದವರಿಗೆ ಮೊದಲು ಕಾಣುವುದು ಎಷ್ಟು ಜನ ಅನ್ನುವುದು ಮಾತ್ರ. ಬುಕ್ಕಿಂಗ್ ಪಕ್ಕಾ ಆದ ಮೇಲೆ ಹೆಸರು, ನಂಬರು. ಆಮೇಲೆ ಅವರು ರದ್ದು ಮಾಡುವಂತಿಲ್ಲ. ಇಬ್ಬರು ಹೊಲದವರು ಬಿಟ್ಟು ಹೋದರು. ಮಹಾದೇವ ಹೋಗಲಿಲ್ಲ.

ಅದೇ ಹೊಲ ಮತ್ತೆ ಬುಕ್ ಮಾಡಿದೆ. ‘ಪಕ್ಕಾ ಆಗಿದೆ.’ ಅಷ್ಟೇ, ಒಂದು ಕ್ಷಣದ ಕೆಲಸ.

ಅವ್ವನಿಗೆ ಬೇಡವೆನಿಸಿದರೆ ಬೇಡ ಅಂದೆ.

“ಯಾಕ? ಸಜ್ಜಿ ಬೀಸಸಕೊಂಡು ಬಂದೀನಿ.”

“ಅಲ್ಲಿ ಏನರ ಅಂದ್ರ?”

“ಅನ್ನಲಿ. ಚೇಳು ಕಡದಿದ್ದು ತಡಕೊಂಡೀನಿ.”

ಡಿಸೆಂಬರ್ 19, ಶುಕ್ರವಾರ, ಮಧ್ಯಾಹ್ನ 3

ಬಾಳೆ ಗಿಡದ ಬುಡದಲ್ಲಿ ಕೂತು ಬರೆಯುತ್ತಿದ್ದೇನೆ.

ಬಂದಾಗ ಮಹಾದೇವ ನನ್ನನ್ನು ನೋಡಿ ನಕ್ಕರು. ಪಕ್ಕದಲ್ಲಿ ಅವ್ವ. ಮೊಬೈಲಿನಲ್ಲಿದ್ದ ಹೆಸರು ನೋಡಿಕೊಂಡರು, ನಗೆ ಇಳಿಯಿತು. “ಮೇಡಂ, ನೀವು...” ಅಂದರು, ಮೊಬೈಲು ಜೇಬಿಗೆ ಹಾಕಿದರು.

ಭೂಮಿತಾಯಿಗೆ ಎಡೆ ಅಂತ ಹೊಲದ ತುಂಬ ಚರಗ ಚೆಲ್ಲಿಯಾಯಿತು. ಬೇವಿನ ಮರದ ಕೆಳಗೆ ಎಲ್ಲ ಕುಟುಂಬದವರಿಗೂ ಉದ್ದಕ್ಕೆ ಜಮಖಾನೆ. ವಿಮಲಾಬಾಯಿ ನಮ್ಮನ್ನು ಒಡ್ಡಿನ ಆಚೆ ಕರೆದೊಯ್ದು ಒಂದು ಚಾಪೆ ಹಾಸಿದರು. “ನೀವು ಇಲ್ಲಿ ಕುಂದರ್ರಿ. ನೆಳ್ಳು ಛಲೋ ಅದ.” ದನಿ ಮೆತ್ತಗಿತ್ತು. ಅಲ್ಲಿ ನೆರಳೇ ಇರಲಿಲ್ಲ.

ವಿಶ್ವಾಸ ಚೀಲ ಎತ್ತಿಕೊಂಡ, ಮನೆಗೆ ನಡಿ ಅಂದ. ಆಫೀಸಿನಲ್ಲಿ ಅಷ್ಟು ಕೂಗಿದವಳು ನಾನು, ಇಲ್ಲಿ ಪ್ರೀತಿಯ ಕೈ ಹಿಡಿದುಕೊಂಡು ನಿಂತೆ.

ಅವ್ವ ಭಜ್ಜಿ ಪಾತೇಲಿ ಎತ್ತಿಕೊಂಡಳು. ಒಡ್ಡು ಹತ್ತಿ ಇಳಿದಳು. ಸಾಲಿನ ನಡುವೆ, ಎರಡು ಕುಟುಂಬಗಳ ಮಧ್ಯೆ ಸಂದು ಮಾಡಿಕೊಂಡು ಕೂತಳು. ಪಕ್ಕದ ಹೆಂಗಸಿನ ತಾಟಿಗೆ ಕೇಳದೆಯೇ ಒಂದು ಸೌಟು ಭಜ್ಜಿ ಹಾಕಿದಳು.

“ಬಾಯಾರ, ನೀವೂ ಬರ್ರಿ” ಅಂತ ವಿಮಲಾಬಾಯಿಯನ್ನೇ ಕರೆದಳು. “ಎಳ್ಳ ಅಮಾಸಿ ದಿನ ಹೊಲದವ್ರು ನಿಂತು ನೋಡಬಾರದು.”

ಒಂದು ಗಂಡಹೆಂಡತಿ ತಾಟು ಹಿಡಿದು ಎದ್ದು ಹೋದರು. ಪಕ್ಕದ ಹೆಂಗಸು ರೊಟ್ಟಿ ಮುರಿದಳು, ಅದ್ದಿದಳು, ತಿಂದಳು. “ಉಪ್ಪು ಒಂದೀಟು ಮುಂದ ಆಗೇದ್ರಿ.” ಅವ್ವ, “ನಮ್ಮ ಕೈಯೇ ಹಂಗ” ಅಂದಳು. ನಾವು ಮೂವರೂ ಹೋಗಿ ಕೂತೆವು. ವಿಮಲಾಬಾಯಿ ಕೂಡಲಿಲ್ಲ. ಆದರೆ ಆಚೆಯ ಚಾಪೆ ಮಡಚಿ ಒಳಗೆ ಒಯ್ದರು.

ಈಗ ಅವ್ವನ ಮೊಬೈಲ್ ಟಿಂಗ್ ಅಂತು. ‘ಜಾಗ ಹೇಗಿದೆ? ಕುಟುಂಬಕ್ಕೆ ಯೋಗ್ಯವೇ?’ ನಾನೇ ಬರೆದ ಪ್ರಶ್ನೆ. ಅವ್ವ ಓದಿಸಿಕೊಂಡಳು.

“ಬರಿ. ನೀರು ಅದ. ಸಂಡಾಸ ಅದ. ಬಾಳಿಹಣ್ಣು ಛಲೋ ಅವ.”

“ಕೂಡಾಕ ಜಾಗಾ ಅದ ಅಂತ ಹಾಕಲಾ?”

“ಅದ ಅಂತ ಹಾಕಬ್ಯಾಡ. ಕುಂತೀವಿ ಅಂತ ಹಾಕು.”

ಅದಕ್ಕೆ ಆ್ಯಪಿನಲ್ಲಿ ಖಾನೆಯೇ ಇಲ್ಲ. ಸೋಮವಾರ ಹೋಗಿ ಮೊದಲು... ಇರು, ಅವ್ವ ಕರೆಯುತ್ತಿದ್ದಾಳೆ. ಉಪ್ಪು ಮುಂದಾಗಿದೆ ಅಂದಾಕೆ ಮನೆಗೆ ಒಯ್ಯಲು ಡಬ್ಬಿ ತಂದಿದ್ದಾಳಂತೆ. ಪಾತೇಲಿಯಲ್ಲಿ ಇನ್ನೂ ಎಷ್ಟು ಉಳಿದಿದೆಯೋ, ನೋಡಿ—