ಗಾಜಿನ ಮೂಲೆಯ ಬೊಟ್ಟು

೧೨ ಆಗಸ್ಟ್ ೧೯೮೩, ಶುಕ್ರವಾರ. ನಂಜನಗೂಡು.

ನಾಲ್ಕು ಗಾಜು ಕೆಟ್ಟಿದ್ದವು, ನಾಲ್ಕೂ ಬಲಗಡೆ ಮೂಲೆಯಲ್ಲೇ. ಜೇನುಮೇಣ ಬಳಿದು, ಸೂಜಿಯಿಂದ ಗೆರೆ ಕೊರೆದು, ಗಾಜನ್ನೇ ತಿನ್ನುವ ಆಸಿಡ್ಡಿನಲ್ಲಿ ಅದ್ದಿದರೆ, ಒಂದು ಹನಿ ಹರಿಯುವಂಥ ಕೂದಲೆಳೆಯಷ್ಟು ಕಾಲುವೆ ಮೂಡಬೇಕು. ಆ ಮೂಲೆಯಲ್ಲಿ ಮಾತ್ರ ಮೇಣ ಎದ್ದು ಆಸಿಡ್ ಒಳಗೆ ನುಗ್ಗುತ್ತಿತ್ತು. ನಾಳೆ ಆಸಿಡ್ ಬಾಟಲಿ ವಾಪಸು ಕಳಿಸಬೇಕೆಂದು ಕಾಲೇಜಿನ ಪ್ರಿನ್ಸಿಪಾಲರ ಆಜ್ಞೆ. ಉಳಿದದ್ದು ಒಂದೇ ಗಾಜು. ಆದರೂ ನನ್ನ ವಿಧಾನದಲ್ಲಿ ತಪ್ಪಿಲ್ಲವೆಂಬ ಧೈರ್ಯವಿತ್ತು.

ಬೆಳಿಗ್ಗೆ ಲ್ಯಾಬಿಗೆ ಬೇಗ ಹೋದೆ. ಅಟೆಂಡರ್ ಚಿಕ್ಕಮಾದು ಆ ಗಾಜಿನ ಬಲಗಡೆ ಮೂಲೆಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟು, ಕೈಮುಗಿದು, ಟವೆಲ್ಲಿನಿಂದ ಒರೆಸುತ್ತಿದ್ದ.

"ಒಸಾ ಸಾಮಾನಿಗೆ ಬೊಟ್ಟಿಕ್ದೆ ಕೆಲ್ಸಕ್ಕೆ ಕೈ ಆಕೋದಾ ಸಾ? ದಿನಾ ಒರ್ಸೇ ತಾನೆ ಕೊಡ್ತಿದ್ದಿದ್ದು!"

ಬೊಟ್ಟು ಹೋದರೂ ಜಿಡ್ಡು ಹೋಗುತ್ತದೆಯೇ? ಜಿಡ್ಡಿನ ಮೇಲೆ ಮೇಣ ಹಿಡಿಯುತ್ತದೆಯೇ? ಬೈಯಲು ಬಾಯಿ ತೆರೆದವನಿಗೆ ನಗು ಬಂತು. ಗಾಜನ್ನು ನಾನೇ ಸೋಪು ಹಾಕಿ ತೊಳೆದೆ.

ಮೇಣ ಬಳಿದು, ಗೆರೆ ಕೊರೆದು, ಆಸಿಡ್ಡಿನಲ್ಲಿ ಅದ್ದಿದೆ; ಈ ಸಲ ಮೂಲೆ ಏಳಲಿಲ್ಲ. ಸಂಜೆ ಮೇಣ ತೆಗೆದು, ಮೇಲೊಂದು ಗಾಜು ಮುಚ್ಚಿ, ಕಾಲುವೆಯ ತುದಿಗೆ ಒಂದು ಹನಿ ಕೆಂಪು ಶಾಯಿ ಬಿಟ್ಟೆ. ಅದು ತಾನಾಗಿಯೇ ಹರಿದು ಇನ್ನೊಂದು ತುದಿ ಮುಟ್ಟಿತು. ಬಾಟಲಿ ಬೇಕಾದರೆ ಒಯ್ಯಲಿ.

ಚಿಕ್ಕಮಾದು ದೂರದಲ್ಲೇ ನಿಂತಿದ್ದ. "ಈಗಲಾದ್ರೂ ಬೊಟ್ಟಿಕ್ಲಾ ಸಾ?"

ಗಾಜು ಮುಂದೆ ಹಿಡಿದೆ. ಅದೇ ಮೂಲೆಗೆ ಇಟ್ಟ.